ಮೊದಲು ಮುಂದಿನ ಮಗು

ಸೈಕಲ್ಲಿಗೆ ಹಿಂದೆ ಮುಂದೆ ಜೋಡಿಸಿದ್ದ ಮಕ್ಕಳ ಸೀಟುಗಳ ಮೇಲೆ ಕೂತಿದ್ದ ಇಬ್ಬನಿಯನ್ನು ಹಳೆಯ ಟವೆಲ್ಲಿನಿಂದ ಒರೆಸಿದೆ. ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿಯೊಳಗೆ ಬಿಸ್ಕತ್ತಿನ ಪುಡಿ ಸೇರಿಕೊಂಡಿತ್ತು. ಹಲ್ಲುಕಡ್ಡಿಯಿಂದ ಕೆದಕಿ ತೆಗೆದು, ಟಕ್ಕೆಂದು ಸರಿಯಾಗಿ ಬೀಳುವ ತನಕ ಕೊಂಡಿಯನ್ನು ಹಾಕಿ ಬಿಚ್ಚಿ ಮಾಡಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊನೆಗೆ ಶೂ ಏರಿಸಿಕೊಳ್ಳುತ್ತ, "ಮಿನೋರಿ, ಅದು ಸೈಕಲ್ ಕಣೇ, ವಿಮಾನ ಅಲ್ಲ," ಎಂದವಳೇ ರೈಲಿಗೆ ಓಡಿದಳು.

ಅಕ್ಕನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಬೆಳಕು ಹರಿಯುವ ಹೊತ್ತಿಗೇ ಹೊರಡಬೇಕು. ಅವಳ ಇಬ್ಬರು ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವುದು, ಕರೆತರುವುದು ನನ್ನ ಪಾಲಿನದು. ಹೈಸ್ಕೂಲು ಅರ್ಧಕ್ಕೆ ಬಿಟ್ಟ ಮೇಲೆ ಹಿಡಿದ ಕೆಲಸಗಳಲ್ಲಿ ನನ್ನ ಕೈಯಲ್ಲಿ ಉಳಿದಿರುವುದು ಇದೊಂದೇ.

ಇಬುಕಿಯನ್ನು ಹಿಂದಿನ ಸೀಟಿಗೆ ಹತ್ತಿಸಿದೆ. ಆಮೇಲೆ ಅವನ ತಂಗಿ ನಾಗಿಯನ್ನು ಮುಂದಿನದಕ್ಕೆ. ಹತ್ತಿಸುವಾಗ ಮೊದಲು ಹಿಂದಿನ ಮಗು, ಇಳಿಸುವಾಗ ಮೊದಲು ಮುಂದಿನ ಮಗು. ಹಿಂದೆ ಭಾರ ಇದ್ದರೆ ಮಾತ್ರ ಸ್ಟ್ಯಾಂಡು ನೆಲ ಕಚ್ಚಿ ನಿಲ್ಲುತ್ತದೆ. ಹಿಂದಿನ ಮಗುವನ್ನು ಮೊದಲು ಇಳಿಸಿಬಿಟ್ಟರೆ ಹ್ಯಾಂಡಲ್ಲು ತಾನಾಗಿ ಹೊರಳುತ್ತದೆ, ಮುಂದಿನ ಮಗುವಿನ ಜೊತೆ ಇಡೀ ಸೈಕಲ್ಲು ಮಗುಚುತ್ತದೆ. ಒಸಾಕಾದಲ್ಲಿ ಇದು ಗೊತ್ತಿಲ್ಲದ ತಾಯಿ ಇಲ್ಲ. ಅವಸರದಲ್ಲಿ ಇದನ್ನು ಪಾಲಿಸುವ ತಾಯಂದಿರು ಮಾತ್ರ ಕಡಿಮೆ.

ಅವತ್ತು ಸೋಮವಾರ. ಮಕ್ಕಳು ಮಧ್ಯಾಹ್ನ ಮಲಗುವ ಹಾಸಿಗೆಯ ಒಗೆದ ಹೊದಿಕೆಗಳನ್ನು ಒಯ್ಯುವ ದಿನ. ಎಲ್ಲರೂ ಆ ಚೀಲಗಳನ್ನು ಹ್ಯಾಂಡಲ್ಲಿಗೆ ತೂಗುಹಾಕುತ್ತಾರೆ. ನಾನು ಗಂಟು ಕಟ್ಟಿ ಬೆನ್ನಿಗೆ ಹೊತ್ತುಕೊಳ್ಳುತ್ತೇನೆ. ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ಪಕ್ಕದಲ್ಲಿ ಸೈಕಲ್ಲು ನಿಲ್ಲಿಸಿ, "ಏನಮ್ಮಾ, ಮನೆ ಬಿಟ್ಟು ಓಡಿಹೋಗ್ತಿದೀಯಾ?" ಎಂದು ನಕ್ಕಳು. ನಾನು ತಲೆ ತಗ್ಗಿಸಿದೆ. ಅವಳ ಒಂದು ಕಾಲು ಪೆಡಲ್ಲಿನ ಮೇಲೆಯೇ ಇತ್ತು. ಬ್ಯಾಟರಿ ಸೈಕಲ್ಲು ಅಷ್ಟು ಒತ್ತಿದರೂ ಮುಂದಕ್ಕೆ ಹಾರುತ್ತದೆ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಸಿರು ದೀಪ ಬಂತು.

ಶಿಶುವಿಹಾರ ಇರುವುದು ಇಳಿಜಾರಿನ ಓಣಿಯಲ್ಲಿ. ದಾರಿಗೆ ಅಡ್ಡ ಎಂದು ಅಕ್ಕಪಕ್ಕದವರು ದೂರು ಕೊಟ್ಟ ಮೇಲೆ ಸೈಕಲ್ಲುಗಳನ್ನೆಲ್ಲ ಗೋಡೆಯ ಉದ್ದಕ್ಕೆ ಒಂದಕ್ಕೊಂದು ಒತ್ತಿ ನಿಲ್ಲಿಸಬೇಕು. ಸಾಲು ಮೇಲಿನಿಂದ ಶುರುವಾಗಿ ಕೆಳಗೆ ದೊಡ್ಡ ರಸ್ತೆಯ ಅಂಚಿಗೆ ಮುಗಿಯುತ್ತದೆ. ನಾನು ತಲುಪಿದಾಗ ಕೊನೆಯ ಜಾಗವೊಂದೇ ಖಾಲಿ. ಬೆನ್ನ ಹಿಂದೆ ಲಾರಿಗಳು ಹೋಗುತ್ತಿದ್ದವು. ಗಾಳಿ ಬೇರೆ ಜೋರಾಗಿತ್ತು.

ಸೈಕಲ್ಲಿನಿಂದ ಇಳಿದು ತಳ್ಳುತ್ತ ಬಂದೆ. ನನ್ನ ಎಡಕ್ಕೆ ನಿಂತಿದ್ದದ್ದು ಕುನಿಯೆಯವರ ಕೆಂಪು ಸೈಕಲ್ಲು. ಮಗಳು ಮಾಹೋ ನಮ್ಮ ಇಬುಕಿಯ ತರಗತಿಯವಳಾದ್ದರಿಂದ ಅವರನ್ನು ಎಲ್ಲರೂ ಕರೆಯುವುದು ಮಾಹೋ ಅಮ್ಮ ಎಂದೇ. ಶಿಶುವಿಹಾರದ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸುವವರು ಅವರೊಬ್ಬರೇ. ಹಿಂದಿನ ಸೀಟು ಖಾಲಿಯಾಗಿತ್ತು. ಮುಂದಿನದಕ್ಕೆ ಚಳಿಗೆಂದು ಪ್ಲಾಸ್ಟಿಕ್ಕಿನ ಮುಸುಕು ಎಳೆದಿತ್ತು. ಆ ಪ್ಲಾಸ್ಟಿಕ್ಕಿನ ಒಳಮೈ ಒಂದು ಕಡೆ ಮಂಜಾಗಿತ್ತು. ನೋಡುತ್ತಿದ್ದ ಹಾಗೆ ಆ ಮಂಜು ಕರಗಿತು, ಮತ್ತೆ ಮೂಡಿತು.

ಒಳಗೆ ಯಾರೋ ಉಸಿರಾಡುತ್ತಿದ್ದರು.

ಮಾಹೋಳ ತಮ್ಮ ತೆತ್ಸು. ಅವನಿಗೆ ಇಲ್ಲಿ ಜಾಗ ಸಿಗದೆ ಸ್ಟೇಷನ್ನಿನ ಆಚೆ ಬೇರೆ ಶಿಶುವಿಹಾರ. ಮಾಹೋಳನ್ನು ಇಲ್ಲಿ ಇಳಿಸಿ ಅವನನ್ನು ಅಲ್ಲಿಗೆ ಒಯ್ಯಬೇಕು. ಮಲಗಿದವನನ್ನು ಎಬ್ಬಿಸುವುದು ಬೇಡವೆಂದು ಬಿಟ್ಟು ಹೋಗಿದ್ದರು.

ಆಗ ಮೇಲುಗಡೆ ಖಣಲ್ ಎಂದು ಸದ್ದಾಯಿತು. ಸಾಲಿನ ಮೊದಲ ಸೈಕಲ್ಲು ಗಾಳಿಗೆ ವಾಲಿ ಪಕ್ಕದ್ದರ ಮೇಲೆ ಬಿದ್ದಿತ್ತು. ಅದು ಅದರ ಪಕ್ಕದ್ದರ ಮೇಲೆ. ಒಂದರ ಹಿಂದೆ ಒಂದು ಬೀಳುತ್ತ ನನ್ನ ಕಡೆಗೇ ಬರತೊಡಗಿದವು.

ನನ್ನ ಸೈಕಲ್ಲಿಗೆ ಇನ್ನೂ ಸ್ಟ್ಯಾಂಡು ಹಾಕಿರಲಿಲ್ಲ. ಹಾಕಲು ಎರಡೂ ಕೈ ಬೇಕು, ಕಾಲೂ ಬೇಕು. ಎರಡು ಸೈಕಲ್ಲುಗಳ ನಡುವೆ ನಿಂತು, ಬ್ರೇಕುಗಳನ್ನು ಅದುಮಿ, ನಮ್ಮ ಮಕ್ಕಳ ಭಾರವನ್ನು ಬಲ ಸೊಂಟಕ್ಕೆ ಆನಿಸಿಕೊಂಡೆ. ಎಡ ಭುಜವನ್ನು ತೆತ್ಸುವಿನ ಸೀಟಿಗೆ ಒತ್ತಿದೆ. ಅಷ್ಟರಲ್ಲಿ ಇಡೀ ಸಾಲಿನ ಭಾರ ಧಡ್ ಎಂದು ಬಂದು ಬಡಿಯಿತು.

ಬೆನ್ನಿನ ಗಂಟು ಪಕ್ಕಕ್ಕೆ ಜಾರಿತು. ಕಾಲು ಒಂದು ಗೇಣು ರಸ್ತೆಯ ಕಡೆ ಸರಿದು ನಿಂತಿತು. ಗಾಳಿ ಬೀಸಿದಾಗೆಲ್ಲ ಆ ಮುಸುಕು ಉಬ್ಬಿ ನನ್ನನ್ನು ಇನ್ನಷ್ಟು ತಳ್ಳುತ್ತಿತ್ತು. ನಾಗಿ ಅಳತೊಡಗಿದಳು.

"ಚಿಕ್ಕಮ್ಮಾ, ನಾನು ಇಳೀಲಾ? ಬೆಲ್ಟ್ ಬಿಚ್ಚೋಕೆ ನಂಗೆ ಬರುತ್ತೆ," ಎಂದ ಇಬುಕಿ.

"ಬೇಡ. ಮುಟ್ಟಬೇಡ. ಅಲ್ಲಾಡಬೇಡ."

"ನಗಬಹುದಾ?"

"ನಗಬೇಡ."

ಯಾರನ್ನಾದರೂ ಕೂಗಬೇಕಿತ್ತು. ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಒಳಗೆ ಬೆಳಗಿನ ಕಸರತ್ತಿನ ಸಂಗೀತ ಹಾಕಿದ್ದರು, ಮಕ್ಕಳೆಲ್ಲ ಅದಕ್ಕೆ ಕುಣಿಯುತ್ತಿದ್ದರು. ಮತ್ತೆ ಬಾಯಿ ತೆರೆದೆ. ಗಂಟಲಿನಿಂದ ಬರೀ ಗಾಳಿ ಬಂತು. ಅಂಗೈ ಬೆವರಿ ಬ್ರೇಕು ಜಾರುತ್ತಿತ್ತು. ಹಿಂದೆ ಬಸ್ಸೊಂದು ಹಾರ್ನ್ ಬಾರಿಸುತ್ತ ದಾಟಿತು.

"ಇಬುಕಿ, ಜೋರಾಗಿ ಕೂಗು."

"ಏನಂತ?"

"ಏನಾದ್ರೂ. ಟೀಚರ್ ಓಡಿ ಬರಬೇಕು, ಹಾಗೆ."

ಅವನು ಒಂದು ಕ್ಷಣ ಯೋಚಿಸಿ, ಓಣಿ ನಡುಗುವ ಹಾಗೆ ಕಿರುಚಿದ. "ಟೀಚರ್! ಕಕ್ಕಾ ಬಂತೂ! ಈಗಲೇ ಬಂತೂ!"

ಗೇಟು ತೆರೆಯಿತು. ಕಾದೊವಾಕಿ ಟೀಚರು ಏಪ್ರನ್ನಿನಲ್ಲಿ ಕೈ ಒರೆಸುತ್ತ, "ತಡ್ಕೋ ರಾಜಾ, ತಡ್ಕೋ," ಎಂದು ನಗುತ್ತಲೇ ಬಂದರು. ನನ್ನನ್ನು ನೋಡಿದ್ದೇ ಅವರ ನಗು ಇಂಗಿತು. ಕೂಗಿ ಇನ್ನಿಬ್ಬರನ್ನು ಕರೆದರು. ತಾಯಂದಿರೂ ಓಡಿ ಬಂದರು. ಯಾರೋ ಸಾಲನ್ನು ಮೇಲಕ್ಕೆ ಎತ್ತಿದರು. ಟೀಚರು ನನ್ನ ಹ್ಯಾಂಡಲ್ಲು ಹಿಡಿದುಕೊಂಡರು. ನಾನು ಸ್ಟ್ಯಾಂಡು ಹಾಕಿ, ನಾಗಿಯನ್ನು ಇಳಿಸಿ, ಆಮೇಲೆ ಇಬುಕಿಯನ್ನು ಇಳಿಸಿದೆ. ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ.

"ಕಕ್ಕ ಬಂದಿಲ್ಲ ಟೀಚರ್, ಸುಮ್ನೆ ಅಂದೆ," ಎಂದ ಇಬುಕಿ.

ಕುನಿಯೆಯವರು ಬಂದದ್ದು ಆಗ. "ಅಯ್ಯೋ, ನನ್ನ ಗಾಡಿ!" ಎಂದವರೇ ಮುಸುಕಿನ ಜಿಪ್ಪು ಎಳೆದರು. ತೆತ್ಸು ಕತ್ತು ವಾಲಿಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ನೋಡ್ರೇ ಇವನನ್ನ! ಥೇಟ್ ಅವರಪ್ಪ! ಭೂಕಂಪ ಆದಾಗ್ಲೂ ಆ ಮನುಷ್ಯ ಹೀಗೇ ಬಿದ್ಕೊಂಡಿದ್ರು."

ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರಿಗೂ ಉಸಿರು ಬಂದಂತಾಯಿತು. ಆಮೇಲೆ ಒಬ್ಬರಿಗೊಬ್ಬರು ಬಾಗಿ ಕ್ಷಮೆ ಕೇಳುವುದು ನಡೆಯಿತು. ನನ್ನ ಗಾಡಿ ನಿಮ್ಮ ಮಡ್‌ಗಾರ್ಡಿಗೆ ತಾಗಿತೇನೋ, ಛೆ ಛೆ, ನನ್ನದೇ ನಿಮ್ಮ ದೀಪ ಮುರಿಯಿತೇನೋ. ಗಾಳಿಗೆ ಬೈದರು, ಇಳಿಜಾರಿಗೆ ಬೈದರು, ದೂರು ಕೊಟ್ಟವರಿಗೂ ಬೈದರು. ಸೈಕಲ್ಲಿನಲ್ಲಿ ಒಂಟಿಯಾಗಿ ಬಿಟ್ಟಿದ್ದ ಮಗುವಿನ ಮಾತು ಯಾರೂ ಎತ್ತಲಿಲ್ಲ.

ಕುನಿಯೆಯವರು ನನ್ನ ಭುಜ ತಟ್ಟಿದರು. ತಟ್ಟಿದ್ದು ನೋಯುವ ಭುಜವನ್ನೇ. "ನೀವಿದ್ರಿ, ಬಚಾವಾಯ್ತು ಇಬುಕಿ ಚಿಕ್ಕಮ್ಮ. ಮಾಹೋ ವಾಂತಿ ಬರುತ್ತೆ ಅಂದ್ಲು, ಎತ್ಕೊಂಡು ಓಡಿದೆ. ಒಂದೇ ನಿಮಿಷ ಕಣ್ರೀ. ಇವನು ಎದ್ದ ಅಂದ್ರೆ ಆ ಕಡೆ ಗೇಟಲ್ಲಿ ಅರ್ಧ ಗಂಟೆ ರಂಪ. ಆಮೇಲೆ ನನ್ನ ಕೆಲಸಕ್ಕೆ ತಡ. ನಿಮಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ಅದಕ್ಕೇ ತಲೆಯಾಡಿಸಿದೆ.

ಅವರು ಜಿಪ್ಪು ಎಳೆದು ಮುಸುಕು ಮುಚ್ಚಿದರು. ಸೈಕಲ್ಲನ್ನು ಸಾಲಿನಿಂದ ಈಚೆ ತಂದು, ಹೊರಡಲು ರಸ್ತೆಯ ಅಂಚಿನಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿ, ಕೈಗವಸು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಮಾಹೋ ಅಳುವುದು ಕೇಳಿಸಿತು. "ಅಮ್ಮಾ! ಮತ್ತೆ ಬರ್ತಿದೆ ಅಮ್ಮಾ!"

"ಬಂದೆ, ಬಂದೆ!" ಎಂದು ಕುನಿಯೆಯವರು ಸೈಕಲ್ಲನ್ನು ಹಾಗೇ ಬಿಟ್ಟು ಗೇಟಿನ ಕಡೆ ತಿರುಗಿದರು. ಗಾಳಿ ಮತ್ತೆ ಎದ್ದಿತು. ಮುಸುಕು ಉಬ್ಬಿತು, ಹ್ಯಾಂಡಲ್ಲು ಮೆಲ್ಲಗೆ ರಸ್ತೆಯ ಕಡೆ ಹೊರಳಿತು. ನಾಗಿಯನ್ನು ಕಂಕುಳಿಗೆ ಏರಿಸಿಕೊಂಡು ಓಡಿಹೋಗಿ ಆ ಹ್ಯಾಂಡಲ್ಲನ್ನು ಹಿಡಿದೆ.

ಒಳಗೆ ಸಂಗೀತ ನಿಂತಿತು. ಓಣಿಯಲ್ಲಿದ್ದ ತಾಯಂದಿರೆಲ್ಲ ತಮ್ಮ ತಮ್ಮ ಚೀಲಗಳ ಮೇಲೆ ಬಗ್ಗಿದ್ದರು. ನನ್ನ ದನಿ ಎಲ್ಲಿಂದ ಬಂತೋ, ಆ ಗೋಡೆಯಿಂದ ಈ ಗೋಡೆಗೆ ತಾಗಿ ಎಲ್ಲರಿಗೂ ಕೇಳಿಸಿತು.

"ಮಾಹೋ ಅಮ್ಮ, ತೆತ್ಸುನ ಇಳಿಸ್ಕೊಂಡು ಹೋಗಿ."