ಒಬ್ಬೊಬ್ಬರಿಗೆ ಒಂದು ನಿಮಿಷ

ಶಲವಡಿಯ ಆಚೆ, ಎರಿಹೊಲಗಳ ನಡುವಿನ ಊರೊಂದರಲ್ಲಿ ನಂದಾ ಎರಡನೇ ವಾರ್ಡಿನ ಪಂಚಾಯ್ತಿ ಸದಸ್ಯೆ. ಮನೆಯಲ್ಲಿ ಬಟ್ಟೆ ಹೊಲಿಯುವವಳು; ಚುನಾವಣೆಗೆ ನಿಂತದ್ದು ಅದೇ ಮೊದಲು. ಗೆದ್ದರೆ ಹೊಲಗಳಿಗೆ ಹೋಗುವ, ಹಳ್ಳದವರೆಗಿನ ಚಕ್ಕಡಿ ರಸ್ತೆಗೆ ಜಲ್ಲಿ ಖಡಿ ಹಾಕಿಸುತ್ತೇನೆಂದು ಮಾತು ಕೊಟ್ಟಿದ್ದಳು. ಈ ವರ್ಷ ವಾರ್ಡಿಗೆ ಒಂದೇ ಒಂದು ರಸ್ತೆ ಸಿಗುವುದಿತ್ತು. ಪಂಚಾಯ್ತಿಯ ನಿರ್ಣಯದ ಪುಸ್ತಕದಲ್ಲಿ ಠರಾವು ಬರೆಸಿದರೆ ಮುಗಿಯಿತು ಎಂದುಕೊಂಡಿದ್ದಳು.

ಟ್ರ್ಯಾಕ್ಟರ್ ರಿಪೇರಿ ಮಾಡುವ ಪ್ರತಾಪ ದಾರಿಯಲ್ಲೇ ತಡೆದು ಕೇಳಿದ: "ಅಕ್ಕಾರ, ಒಮ್ಮೆ ಓಟ ಹಾಕಿದ ಮ್ಯಾಲೆ ಐದು ವರ್ಷ ಬಾಯಿ ಮುಚಗೊಂಡು ಕುಂದರಬೇಕೇನ್ರಿ? ಯಾವ ರಸ್ತೆ ಬೇಕಂತ ಎಲ್ಲಾರ್ನೂ ಕೇಳ್ರಿ. ಹತ್ತು ಮಂದಿ ಸಹಿ ಮಾಡಿ, ಚಾ ಕುಡದು ಹೋಗೂ ಸಭಾ ಬ್ಯಾಡ."

ನಂದಾಳಿಗೆ ಸಿಟ್ಟು ಬಂತು. ಆದರೆ ಮಾತು ನಾಟಿತ್ತು. "ಆತು, ಕೇಳ್ತೇನಿ. ಬಂದವ್ರೆಲ್ಲಾ ಒಂದೊಂದು ನಿಮಿಷ ಮಾತಾಡಬೇಕು, ನೋಡು. ಯಾರನ್ನೂ ಬಿಡಂಗಿಲ್ಲ."

ರವಿವಾರ ಶಾಲೆಯ ಬಯಲಿಗೆ ಮುನ್ನೂರಾರು ಜನ ಬಂದರು. ಮೊದಲು ಎದ್ದವನು ದೊಡ್ಡ ರೈತ ಮಡಿವಾಳೆಪ್ಪ. ಚಕ್ಕಡಿ ರಸ್ತೆಯೇ ಆಗಲಿ ಎಂದ. ಆಮೇಲಿನವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಕೆಲವರು ಎದ್ದು ನಿಂತು, ನಾಚಿ, ಹೆಸರಷ್ಟೇ ಹೇಳಿ ಕುಳಿತರು. ನಡುಮಧ್ಯಾಹ್ನದ ಹೊತ್ತಿಗೆ ಕೂಲಿಗೆ ಹೋಗುವ ಮುದುಕಿ ಅಜೀಜಾಬಿಯ ಸರದಿ ಬಂತು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ನಂಗೇನ್ ಹೊಲಾ ಇಲ್ಲವ್ವ," ಎಂದಳು. "ನಮ್ಮ ಮನಿಯವ್ರು ಹ್ವಾದದ್ದು ಮಳಿಗಾಲದಾಗ. ಖಬರಸ್ತಾನಕ್ಕ ಹೋಗೂ ದಾರಿಯೊಳಗ ಮೊಳಕಾಲ ಮಟಾ ಕೆಸರು. ಹೊತ್ತವ್ರು ಜಾರಿ ಬಿದ್ರು. ಅವ್ರೂ ಬಿದ್ರು. ಕೆಸರ ಒರಸಿ ಮಣ್ಣ ಮಾಡಿದ್ವಿ. ನಿಮ್ಮ ರುದ್ರಭೂಮಿಗೂ ಅದ ದಾರಿ ಅಲ್ಲೇನ್ರಿ?"

ಮುಂದಿನ ಸರದಿಯವನು ಏಳಲೇ ಇಲ್ಲ. ಮಡಿವಾಳೆಪ್ಪ ಮತ್ತೆ ಎದ್ದು, ರುಮಾಲು ಸರಿಮಾಡಿಕೊಂಡು ಹೇಳಿದ: "ನಮ್ಮವ್ವನ್ನೂ ಅದ ಕೆಸರಾಗ ಒಯ್ದೀವಿ. ಯಾರಿಗೂ ಹೇಳಿದ್ದಿಲ್ಲ. ನನ್ನ ಮಾತು ಹಿಂದ ತಗೋತೇನ್ರಿ."

ಮೂರು ದಾಟಿದ ಮೇಲೆ ಕೈ ಎತ್ತಿಸಿದಾಗ ಒಂಬತ್ತು ಜನರ ಹೊರತು ಎಲ್ಲರೂ ಮಸಣದ ದಾರಿಗೆ ಕೈ ಎತ್ತಿದ್ದರು. ಓಟು ಕೇಳಲು ನಂದಾ ಅಜೀಜಾಬಿಯ ಮನೆಗೆ ಮೂರು ಸಲ ಹೋಗಿದ್ದಳು. ಈ ಮಾತು ಒಮ್ಮೆಯೂ ಹೊರಬಿದ್ದಿರಲಿಲ್ಲ.

"ನೋಡ್ರಿ," ಪ್ರತಾಪ ಹಿಗ್ಗಿದ. "ಇಡೀ ದೇಶಾನ ಹಿಂಗ ನಡಸಬೇಕು. ಆರಿಸಿದವ್ರು ಯಾಕ ಬೇಕು?"

ನಂದಾ ಮೊಬೈಲ್ ತೆಗೆದು ಲೆಕ್ಕ ಹಾಕಿದಳು. ನೂರಾನಲವತ್ತು ಕೋಟಿ ಜನ, ತಲೆಗೊಂದು ನಿಮಿಷ. ತಪ್ಪಿತೇನೋ ಎಂದು ಮತ್ತೊಮ್ಮೆ ಹಾಕಿದಳು. "ಎರಡು ಸಾವಿರದ ಆರನೂರಾ ಅರವತ್ತು ವರ್ಷ ಬೇಕೋ ಪ್ರತಾಪಾ. ಹಗಲೂ ರಾತ್ರಿ, ಒಂದಽ ರಸ್ತೆ ಮಾತಿಗೆ."

ಪ್ರತಾಪ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತ ನಿಂತ. ಅಷ್ಟೊಂದು ಬಾಯಿಗಳು! ಅವುಗಳಲ್ಲಿ ಅಜೀಜಾಬಿಯಂಥವರು ಎಷ್ಟೋ.

ಮರುದಿನ ಪಂಚಾಯ್ತಿಯ ಸಭೆ. "ನೀನೂ ಬಾರಬೇ, ನೀನ ಹೇಳು," ಎಂದು ನಂದಾ ಅಜೀಜಾಬಿಯನ್ನು ಕರೆದಳು.

"ನಾ ಹತ್ತಿ ಬಿಡಸಾಕ ಹೋಗಬೇಕವ್ವ. ಅದಕ್ಕಽ ನಿನ್ನ ಆರಿಸೇವಿ. ನಾ ಹೇಳಿದ್ದು ಹೇಳು, ಸಾಕು."

ಹದಿಮೂರು ಸದಸ್ಯರ ಸಭೆಯಲ್ಲಿ ನಂದಾ ಎದ್ದು ನಿಂತಳು. ಎಷ್ಟೋ ಸಲ ಮಾತಾಡಿದ್ದ ಜಾಗವೇ ಅದು. ಇಂದು ಮಾತು ತನ್ನದಾಗಿರಲಿಲ್ಲ. ಚಕ್ಕಡಿ ರಸ್ತೆಯ ತನ್ನ ಮಾತು ಬಿಟ್ಟೆನೆಂದು ಮೊದಲು ಒಪ್ಪಿಕೊಂಡಳು. ಆಮೇಲೆ ಕೆಸರಿನ ಸಂಗತಿಯನ್ನು ಅಜೀಜಾಬಿ ಹೇಳಿದಷ್ಟೇ ಹೇಳಿದಳು, ಏನನ್ನೂ ಸೇರಿಸಲಿಲ್ಲ. ಠರಾವು ಎಂಟಕ್ಕೆ ಐದರಂತೆ ಪಾಸಾಯಿತು.

ಸಭೆ ಮುಗಿದ ಮೇಲೆ ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತಳು. ತನ್ನ ಮೇಲಿದ್ದದ್ದು ಮುನ್ನೂರು ಜನರ ಮಾತು. ದಿಲ್ಲಿಯ ಲೋಕಸಭೆಯಲ್ಲಿ ಎದ್ದು ನಿಲ್ಲುವ ಒಬ್ಬೊಬ್ಬರ ಮೇಲೂ ಇಪ್ಪತ್ತೈದು ಲಕ್ಷ ಜನರದು. ಅಷ್ಟನ್ನು ಹೊತ್ತು ಅವರು ಹೇಗೆ ನಿಲ್ಲುತ್ತಾರೋ ಎಂದು ಅವಳು ಬೆರಗಾದಳು.