ಬಚ್ಚಲ ಗೋಡೆ

ಶಿಡ್ಲಘಟ್ಟದಲ್ಲಿ ಬಯ್ಯಪ್ಪನವರಿಗೆ ಒಂದೇ ಸಾಲಿನಲ್ಲಿ ಮೂರು ಮನೆಗಳು. ಮೊದಲನೆಯದರಲ್ಲಿ ಅವರೂ ಅವರ ಹೆಂಡತಿ ಅನಸೂಯಮ್ಮನೂ ಇದ್ದರು. ನಡುವಿನದರಲ್ಲಿ ಮುನಿಗಂಗಪ್ಪ, ಅವನ ಹೆಂಡತಿ ಶ್ಯಾಮಲಮ್ಮ ಬಾಡಿಗೆಗಿದ್ದರು. ಕೊನೆಯದರಲ್ಲಿ ನಾನು. ಬಯ್ಯಪ್ಪನವರ ಬಚ್ಚಲಿಗೂ ಶ್ಯಾಮಲಮ್ಮ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಮಾತೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎಂಬತ್ತೇಳರ ಚಳಿಗಾಲದಲ್ಲಿ ಶ್ಯಾಮಲಮ್ಮ ಗಂಡುಮಗು ಹೆತ್ತಳು. ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೆ ಹೋಗಲು ತವರಿಲ್ಲ.

"ನಾನಿಲ್ವೇನೇ? ಯಾಕಮ್ಮ ಅಳ್ತೀಯ?" ಎಂದು ಅನಸೂಯಮ್ಮ ಸೆರಗು ಸಿಕ್ಕಿಸಿ ನಿಂತರು. ಅವರಿಗೆ ಮಕ್ಕಳಾಗಿರಲಿಲ್ಲ. ದಿನಾ ಬೆಳಿಗ್ಗೆ ತಮ್ಮ ಬಚ್ಚಲ ಹಂಡೆಗೆ ಉರಿ ಹಾಕಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಅರಿಶಿನ ತಿಕ್ಕಿ ನೀರು ಹುಯ್ಯುತ್ತಿದ್ದರು. "ಮಾ ನಾಯನಾ, ಮಾ ಬಂಗಾರು" ಎಂದು ತೆಲುಗಿನಲ್ಲಿ ಮುದ್ದು ಮಾಡುವುದು ನನ್ನ ಅಡುಗೆಮನೆವರೆಗೂ ಕೇಳುತ್ತಿತ್ತು. ತಾಯಿಗೂ ಹಂಡೆಗಟ್ಟಲೆ ನೀರು. ಆಮೇಲೆ ಇಬ್ಬರನ್ನೂ ಕೋಣೆಗೆ ಸೇರಿಸಿ, ತಂಡಿಗಾಳಿ ಸೋಕಬಾರದೆಂದು ಕಿಟಕಿಯ ಸಂದಿಗೆಲ್ಲ ತಮ್ಮ ಹಳೇ ಸೀರೆ ತುರುಕಿ, ಸಾಂಬ್ರಾಣಿ ಹಾಕಿ ಬರುವರು.

ಕೆಲವೇ ದಿನಕ್ಕೆ ತೊಟ್ಟಿಲ ಹಿಂದಿನ ಗೋಡೆ ಬುಡದಿಂದ ಕಪ್ಪಗಾಗತೊಡಗಿತು. ಬೂಷ್ಟು. ಇವತ್ತು ಒರೆಸಿದರೆ ನಾಳೆ ಮತ್ತೆ ಹಾಜರ್. ಮಗುವಿನ ಹೊದಿಕೆಗೂ ಮುಗ್ಗಲು ವಾಸನೆ.

ಮುನಿಗಂಗಪ್ಪ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕಿದ್ದವನು, ಮೂಗಿನ ತುದಿಯಲ್ಲೇ ಕೋಪ. ಬಯ್ಯಪ್ಪನವರ ಬಾಗಿಲಿಗೆ ಹೋಗಿ ನಿಂತ.

"ಯಜಮಾನ್ರೇ, ನಿಮ್ಮ ಬಚ್ಚಲ ನೀರು ನಮ್ಮ ಗೋಡೆಗಿಳೀತಾ ಐತೆ. ಮೋರಿ ರಿಪೇರಿ ಮಾಡಿಸಿ."

"ನಮ್ಮಪ್ಪನ ಕಾಲದ ಬಚ್ಚಲು ಕಣಯ್ಯ ಅದು. ನೀನು ಕಿಟಕಿ ಮುಚ್ಕೊಂಡು ಕೂತ್ರೆ ಬೂಷ್ಟು ಬರ್ದೆ ಮಲ್ಲಿಗೆ ಬಿಡುತ್ತಾ? ಕಿಟಕಿ ತೆಗಿ, ಸುಣ್ಣ ಹೊಡ್ಕೋ. ಒಳಗಡೆ ಸುಣ್ಣ ಬಾಡಿಗೆಯೋರ್ದು."

"ಕಿಟಕಿ ಮುಚ್ಚಿರೋದು ನಿಮ್ಮ ಮನೆಯೋರು. ಅವರನ್ನ ಕೇಳಿ!"

ಅನಸೂಯಮ್ಮ ಒಳಗಿನಿಂದಲೇ ಕೂಗಿದರು: "ಬಾಣಂತಿ ಕೋಣೆ ಕಿಟಕಿ ತೆಗೀತಾರೇನ್ರೀ? ಗಂಡಸ್ರಿಗೇನು ಗೊತ್ತು, ಸುಮ್ನಿರಿ!"

ಅಯ್ಯೋ, ಇವರ ಹಟಕ್ಕಿಷ್ಟು! ಗೋಡೆ ಯಾರದ್ದು, ನೀರು ಯಾರದ್ದು, ಸುಣ್ಣ ಯಾರದ್ದು ಎಂದು ದಿನಾ ಬೀದಿಯಲ್ಲಿ ಪಂಚಾಯ್ತಿ. ಇವನು ಸುಣ್ಣ ಹೊಡೆಯಲಿಲ್ಲ, ಅವರು ಮೋರಿ ಮುಟ್ಟಲಿಲ್ಲ. ನಾನೇ ಹೋಗಿ ತೊಟ್ಟಿಲನ್ನು ಈಚೆ ಎಳೆದೆ. ಎಳೆದರೂ ಎಲ್ಲಿಗೆ? ಕೋಣೆ ಇದ್ದದ್ದೇ ಅಷ್ಟು.

ಧನುರ್ಮಾಸ ಮುಗಿಯುವ ಹೊತ್ತಿಗೆ ಮಗುವಿನ ಎದೆ ಗೊರಗೊರ ಅನ್ನತೊಡಗಿತು. ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಶ್ಯಾಮಲಮ್ಮನ ಜೊತೆ ನಾನೂ ಹೋಗಿದ್ದೆ. ಚೀಟಿ ಬರೆಯಲು ಹೆಸರು ಕೇಳಿದರು. "ಇನ್ನೂ ಇಟ್ಟಿಲ್ಲ ಸಾರ್" ಎಂದಳು. ಡಾಕ್ಟರು ಔಷಧಿ ಕೊಟ್ಟು, "ಇವತ್ತೇ ಆ ಕೋಣೆಯಿಂದ ಮಗೂನ ಆಚೆ ತನ್ನಿ" ಎಂದರು.

ಮನೆಗೆ ಬಂದು ಹೇಳಿದ್ದೇ ತಡ, ಅನಸೂಯಮ್ಮ ತಮ್ಮ ನಡುಮನೆಯಲ್ಲಿ ಚಾಪೆ ಹಾಸಿದರು. ಮುನಿಗಂಗಪ್ಪ ಅಡ್ಡ ನಿಂತ.

"ಇವತ್ತು ಅವರ ನಡುಮನೆಗೆ ಹೋದ್ರೆ ಈ ಗೋಡೆ ಇನ್ನು ಸರಿಹೋದಂಗೇ ಐತೆ. ಬಾಡಿಗೆ ಕೊಡೋನು ನಾನು. ಮೊದಲು ಮೋರಿ ಕೀಳಿಸ್ಲಿ."

"ಹಬ್ಬ ಕಳೀಲಿ, ಕೀಳಿಸ್ತೀನಿ ಬಿಡಯ್ಯ," ಎಂದರು ಬಯ್ಯಪ್ಪ.

"ನಿಮ್ಮಿಬ್ಬರ ಮೋರಿಗೆ ಬೆಂಕಿ ಬೀಳ! ನನ್ನ ಮನೆಗಾದ್ರೂ ತಾರೋ," ಎಂದು ನಾನು ಅವನ ರಟ್ಟೆ ಹಿಡಿದು ಎಳೆದೆ.

"ಯಾರ ಮನೇಗೂ ಬೇಡ ಅಕ್ಕಾ. ಹಬ್ಬ ಕಳೆದ್ಮೇಲೆ ಅಂದ್ರಲ್ಲ, ನೋಡಣ."

ಶ್ಯಾಮಲಮ್ಮ ಗಂಡನ ಮುಖ ನೋಡಿದಳು, ಅನಸೂಯಮ್ಮನ ಮುಖ ನೋಡಿದಳು, ಮಗುವನ್ನು ಎದೆಗೊತ್ತಿಕೊಂಡು ಅದೇ ಕೋಣೆಗೆ ಹೋದಳು.

ಸಂಕ್ರಾಂತಿಯ ಬೆಳಿಗ್ಗೆ, ಬೀದಿಯ ಮಕ್ಕಳು ಎಳ್ಳು ಬೀರಲು ಹೊರಟಿದ್ದಾಗ, ನಡುವಿನ ಮನೆಯಿಂದ ಶ್ಯಾಮಲಮ್ಮನ ಕೂಗು ಕೇಳಿತು. ನಾನು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಸರಿಲ್ಲದ ಕೂಸು ಹೆಸರಿಲ್ಲದೇ ಹೋಯಿತು.

ಹಬ್ಬ ಕಳೆಯಿತಲ್ಲ, ಗಾರೆ ಕೆಲಸದ ರಾಮಾಂಜಿನಪ್ಪ ಬಂದ. ಬಚ್ಚಲ ಚಪ್ಪಡಿ ಎತ್ತಿದ. ಮೋರಿ ನಡುವೆಯೇ ಒಡೆದುಹೋಗಿತ್ತು. ಹುಯ್ದ ನೀರೆಲ್ಲ ಗೋಡೆಯ ಬುಡಕ್ಕೇ ಇಳಿದಿತ್ತು. ಅಲ್ಲಿನ ಮಣ್ಣು ಹಳದಿಯಾಗಿತ್ತು. ಅನಸೂಯಮ್ಮ ಬಗ್ಗಿ ಒಂದು ಚೂರು ಮಣ್ಣು ತೆಗೆದು ಮೂಸಿದರು. ಅರಿಶಿನ. ಮಗುವಿಗೆ ತಾವೇ ತಿಕ್ಕಿ ತೊಳೆದ ಅರಿಶಿನ. ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕೂತುಬಿಟ್ಟರು. ಬಯ್ಯಪ್ಪ ತಲೆ ಎತ್ತಲಿಲ್ಲ. ಮುನಿಗಂಗಪ್ಪ ಹೇಳಿದ್ದೇ ನಿಜವಾಗಿತ್ತು, ಆದರೆ ಅವನು ಮೋರಿಯ ಕಡೆ ನೋಡದೆ ಹೊರಗೆ ಹೋದ.

ಮನೆ ಖಾಲಿ ಮಾಡುವ ದಿನ ಶ್ಯಾಮಲಮ್ಮ ಹೇಳಿಹೋಗಲು ಬಂದಳು. ಕುಂಕುಮದ ಬಟ್ಟಲು ಹಿಡಿದು ಬಂದ ಅನಸೂಯಮ್ಮನ ಕೈ ಮೇಲೇಳಲೇ ಇಲ್ಲ. ತಪ್ಪಾಯ್ತು ಎನ್ನಲು ಹೋಗಿ ಅತ್ತುಬಿಟ್ಟರು.

ಶ್ಯಾಮಲಮ್ಮ ತಾನೇ ಕುಂಕುಮ ತೆಗೆದುಕೊಂಡು ಹಣೆಗಿಟ್ಟುಕೊಂಡಳು.

"ನೀವು ಅಳಬೇಡಿ ಕಣಮ್ಮ," ಎಂದಳು. "ದಿನವೆಲ್ಲ ಅಳೋನು ನನ್ನ ಕಂದ. ನೀವು ನೀರು ಹುಯ್ಯೋವಾಗ ಮಾತ್ರ ಸುಮ್ನಿರ್ತಿದ್ದ."