ಟೀಚರ ಹನ್ನೆರಡು ಸೆಂಟ್ಸ್

ಎಲ್ಲಿಂದ ಶುರು ಮಾಡಲಿ? ಸಂಗೀತದಿಂದ ಶುರು ಮಾಡಿದರೆ ಇದು ಕಲಾವಿದೆಯ ಕಥೆ ಎಂದು ನೀವು ಮೊದಲೇ ಕಣ್ಣೊರೆಸಿಕೊಳ್ಳಲು ಸಿದ್ಧರಾಗುತ್ತೀರಿ. ಸೈಟಿನಿಂದ ಶುರು ಮಾಡಿದರೆ ಜಾಹೀರಾತು ಎಂದು ಪುಟ ಮಗುಚುತ್ತೀರಿ. ಕುಮುದಿನಿಯ ಬದುಕಿನಲ್ಲಿ ಎರಡೂ ಇವೆ. ನನಗೆ ಬೇಕಾದದ್ದು ಒಂದೇ ಒಂದು ಮೊದಲ ವಾಕ್ಯ.

೧.
ಮೊದಲ ಕರಡು: ಸುಳ್ಯದ ಕುಮುದಿನಿ ಶನಿವಾರ ಶನಿವಾರ ಬಸ್ಸು ಹತ್ತಿ ಪುತ್ತೂರಿಗೆ ವಸುಮತಿ ಟೀಚರ ಸಂಗೀತ ಪಾಠಕ್ಕೆ ಬರುತ್ತಿದ್ದಳು.

(ನಿಜ, ಆದರೆ ಸಪ್ಪೆ. ಇರಲಿ.)

ಟೀಚರ್ ಅವಳಿಂದ ಫೀಸು ತೆಗೆದುಕೊಳ್ಳಲಿಲ್ಲ. ಒಂಬತ್ತು ವರ್ಷ ಪಾಠ. ಆಮೇಲೆ ಹನ್ನೊಂದು ವರ್ಷ ಕಛೇರಿಗಳಲ್ಲಿ ಟೀಚರ ಹಿಂದೆ ತಂಬೂರಿ ಹಿಡಿದು ಕೂತು ದನಿಗೂಡಿಸಿದ್ದು. ಹಿಂದೆ ಕೂತವರಿಗೆ ಒಂದು ಕೆಲಸ ಇರುತ್ತದೆ: ಮುಂದಿನವರು ಉಸಿರೆಳೆದುಕೊಳ್ಳುವಾಗ ಸಾಲು ಬೀಳದಂತೆ ಹಿಡಿಯಬೇಕು, ಅವರು ಮರಳಿದೊಡನೆ ಕೇಳಿಸದ ಹಾಗೆ ಸರಿದುಕೊಳ್ಳಬೇಕು.

೨.
ಎರಡನೆಯ ಕರಡಿನಲ್ಲಿ ಅವಳು ಬಡವಿ. ಅದನ್ನು ಅವಳಿಗೇ ಫೋನಿನಲ್ಲಿ ಓದಿ ಹೇಳಿದೆ. (ಪಾತ್ರಕ್ಕೆ ನನ್ನ ನಂಬರ್ ಕೊಟ್ಟದ್ದು ನನ್ನದೇ ತಪ್ಪು.)

"ನಾವು ಯಾವಾಗ ಬಡವರಾದದ್ದು ಅಕ್ಕ? ಕಷ್ಟಕ್ಕೆ ಬಿದ್ದು ಸೈಟು ಮಾರಿದೆ ಅಂತ ಬರೀಬೇಡಿ. ನನಗೆ ಆ ಕೆಲಸ ಖುಷಿ ಉಂಟು."

ಹೊಡೆದು ಹಾಕಿದೆ. ಕಡಬ ತಾಲೂಕಾಗಿ ಅಲ್ಲಿ ಜಾಗಕ್ಕೆ ಬೆಲೆ ಬಂದ ಮೇಲೆ ಪರಿಚಯದವರ ಎರಡು ಸೈಟು ಮಾರಿಸಿಕೊಟ್ಟಳು. ಮೂರನೆಯದರ ಹೊತ್ತಿಗೆ ಸ್ವಂತ ಆಫೀಸು. ಗಿರಾಕಿ ಎಲ್ಲಿ ಅನುಮಾನದಿಂದ ಸುಮ್ಮನಾಗುತ್ತಾನೋ ಅಲ್ಲಿ ಇವಳ ಮಾತು ಸರಿಯಾಗಿ ಬಂದು ಕೂರುತ್ತಿತ್ತು. ಮೊದಲ ಲೇಔಟಿನ ರಸ್ತೆಗಳಿಗೆ ರಾಗಗಳ ಹೆಸರಿಟ್ಟಳು: ಕಲ್ಯಾಣಿ, ಮೋಹನ, ಹಂಸಧ್ವನಿ. (ಶೋಕದ ರಾಗವಾದ ಮುಖಾರಿಯ ಹೆಸರಿನ ರಸ್ತೆಯಲ್ಲಿ ಯಾರೂ ಮನೆ ಕಟ್ಟುವುದಿಲ್ಲವಂತೆ.)

ಯಶಸ್ಸು ಅಂದರೆ ಇದೇ. ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

೩.
ಆರು ವರ್ಷದ ಹಿಂದೆ, ಪುತ್ತೂರಿನಲ್ಲಿ ಟೀಚರ ಕಛೇರಿ, ಸಂಜೆ ಆರಕ್ಕೆ. ಅದೇ ದಿನ ಸುಳ್ಯದಲ್ಲಿ ಕುಮುದಿನಿ ಕುದುರಿಸಿದ ಒಂದು ಜಾಗದ ರಿಜಿಸ್ಟ್ರೇಷನ್. ಜಾಗಕ್ಕೆ ಏಳು ಮಂದಿ ಪಾಲುದಾರರು, ಎಲ್ಲ ಅಣ್ಣತಮ್ಮ ಅಕ್ಕತಂಗಿಯರು, ಒಬ್ಬರ ಮುಖ ಒಬ್ಬರು ನೋಡದವರು. ಏಳೂ ಜನ ಒಂದೇ ದಿನ ಸಹಿಗೆ ಬಂದದ್ದೇ ಹೆಚ್ಚು, ಇನ್ನೊಮ್ಮೆ ಬರುವವರಲ್ಲ. ಮೂರು ಗಂಟೆಗೆ ಮುಗಿಯಬೇಕಿತ್ತು. ಸರ್ವರ್ ಕೈಕೊಟ್ಟಿತು. ನಾಲ್ಕೂವರೆಗೆ ಎದ್ದು ಬಂದಿದ್ದರೂ ಸಮಯವಿತ್ತು. ಕುಮುದಿನಿ ಕೂತಳು.

ಅವಳು ಸಭಾಂಗಣ ತಲುಪಿದಾಗ ಮಂಗಳ ಹಾಡಿ ಆಗಿತ್ತು. ಎರಡನೆಯ ಕೃತಿಯ ಚರಣದಲ್ಲಿ ಟೀಚರಿಗೆ ಸಾಲು ಮರೆತುಹೋಯಿತಂತೆ. ಪಿಟೀಲಿನವರು ಏನೋ ನುಡಿಸಿ ದಾಟಿಸಿದರಂತೆ. ಅದರ ನಂತರ ಟೀಚರ್ ವೇದಿಕೆ ಹತ್ತಲಿಲ್ಲ.

ಇದನ್ನೂ ಕ್ಷಮಿಸಬಹುದಿತ್ತೇನೋ. ಮರುದಿನ ಕುಮುದಿನಿ ಅವರ ಮನೆಗೆ ಒಂದು ದೊಡ್ಡ ಹೂವಿನ ಬುಟ್ಟಿ ಕಳಿಸಿದಳು, ಗಿರಾಕಿಗಳಿಗೆ ಕಳಿಸುವಂಥದ್ದೇ. ಅದರಲ್ಲಿ ಆಫೀಸಿನ ಕಾರ್ಡು ಸಿಕ್ಕಿಸಿತ್ತು.

(ಈ ಕಾರ್ಡನ್ನು ಕಥೆಯಿಂದ ತೆಗೆಯಲು ಅವಳು ನನ್ನನ್ನು ಎರಡು ಸಲ ಕೇಳಿದಳು. ತೆಗೆಯಲಿಲ್ಲ.)

೪.
ಕಳೆದ ತಿಂಗಳು ಟೀಚರ ಫೋನ್ ಬಂತು. ಈಗ ಅವರು ಕಡಬದ ಹತ್ತಿರದ ಆಲಂಕಾರಿನಲ್ಲಿದ್ದಾರೆ. ಹೆಸರು ನೋಡಿ ಕುಮುದಿನಿ ಕಾರನ್ನು ಬದಿಗೆ ನಿಲ್ಲಿಸಿದಳು. ಅವಳು ಕಾದದ್ದು ಬೇರೆ ಯಾವುದೋ ಮಾತಿಗೆ. ಟೀಚರ್ ಹೇಳಿದ್ದು, ಮನೆಯ ಪಕ್ಕ ಹನ್ನೆರಡು ಸೆಂಟ್ಸ್ ಜಾಗ ಉಂಟು, ಮೊಣಕಾಲಿನ ಆಪರೇಷನ್‌ಗೆ ದುಡ್ಡು ಬೇಕು, ತಗೊಳ್ಳುವ ಪಾರ್ಟಿ ಸಿಗಬಹುದಾ ಅಂತ.

ಆ ಭಾನುವಾರವೇ ಹೋದಳು. ಒಳಗೆ ನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತು ಸರಿಗಮದ ಸರಳೆ ಹೇಳುತ್ತಿದ್ದರು. ಕುಮುದಿನಿ ಚಪ್ಪಲಿ ಬಿಟ್ಟು ಆ ಕಡೆಗೇ ನಡೆದಳು. ಟೀಚರ್ ಅವಳಿಗೆ ಜಗುಲಿಯಲ್ಲಿ ಕುರ್ಚಿ ಹಾಕಿಸಿದರು. ಶರಬತ್ತು ಬಂತು, ತಟ್ಟೆಯಲ್ಲಿಟ್ಟು, ಅತಿಥಿಗಳಿಗೆ ಕೊಡುವ ಹಾಗೆ.

ಜಾಗ ಒಳ್ಳೆಯದಿತ್ತು, ರಸ್ತೆಯ ಬದಿ. ಪಾರ್ಟಿಯೂ ಸಿಕ್ಕಿತು. ಪಾರ್ಟಿ ಜಾಗ ನೋಡಲು ಬರುವ ದಿನ ಅದೇ ಜಗುಲಿಯಲ್ಲಿ ಕಮಿಷನ್ ಎಷ್ಟೆಂದು ಟೀಚರ್ ಕೇಳಿದಾಗ, ಏನೂ ಬೇಡ ಎಂದಳು. ಆರು ವರ್ಷದಿಂದ ಹೇಳಲಾಗದ್ದನ್ನೆಲ್ಲ ಆ ಒಂದು ಮಾತಿನಲ್ಲಿ ಹೇಳಿದೆನೆಂದು ಅವಳಿಗನಿಸಿತ್ತು.

ಟೀಚರ್ ತಲೆಯಾಡಿಸಿದರು. "ಹಾಗಾಗುದಿಲ್ಲ ಕುಮುದಿನಿ. ಬೇರೆಯವರಿಗೆ ಎಷ್ಟೋ ಅಷ್ಟೇ ತಗೊಳ್ಳಬೇಕು. ಇಲ್ಲದಿದ್ರೆ ನಾನು ಬೇರೆ ಬ್ರೋಕರಿಗೆ ಹೇಳ್ತೇನೆ."

"ಟೀಚರ್, ನೀವು ನನ್ನ ಹತ್ತಿರ ಫೀಸು ತಗೊಂಡದ್ದುಂಟಾ?"

"ಅದು ಶಿಷ್ಯೆಯ ಲೆಕ್ಕ," ಎಂದರು ಟೀಚರ್. "ಪಾರ್ಟಿ ಬರುದರೊಳಗೆ ಯೋಚಿಸಿ ಹೇಳು."

೫.
ಮುಕ್ತಾಯ ಒಂದು: ಕುಮುದಿನಿ ಕಮಿಷನ್ ತೆಗೆದುಕೊಳ್ಳುತ್ತಾಳೆ. ಟೀಚರ ಕಾಲು ಸರಿಯಾಗುತ್ತದೆ. ಅವಳು ಆ ಮನೆಗೆ ಬ್ರೋಕರಾಗಿ ಉಳಿಯುತ್ತಾಳೆ.

ಮುಕ್ತಾಯ ಎರಡು: ಬೇಡ ಎನ್ನುತ್ತಾಳೆ. ಜಾಗವನ್ನು ಬೇರೆ ಯಾರೋ ಮಾರಿಸುತ್ತಾರೆ, ಕಡಿಮೆಗೆ. ಇವಳಿಗೆ ಆ ಜಗುಲಿಯೂ ಇಲ್ಲ.

ಮುಕ್ತಾಯ ಮೂರು: ಟೀಚರ್ ನಕ್ಕು, ಒಳಗೆ ಬಾ, ಮಕ್ಕಳ ಜೊತೆ ಕೂರು ಎನ್ನುತ್ತಾರೆ.

ಮೂರನೆಯದನ್ನು ಕುಮುದಿನಿಯೇ ಒಪ್ಪಲಿಲ್ಲ. "ನಿಮಗೆ ನಮ್ಮ ಟೀಚರ್ ಗೊತ್ತಿಲ್ಲ ಅಕ್ಕ," ಎಂದಳು. ದನಿಯಲ್ಲಿ ಹೆಮ್ಮೆ ಇತ್ತು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

೬.
ಗೇಟಿನ ಹತ್ತಿರ ಪಾರ್ಟಿಯ ಕಾರು ಬಂದು ನಿಂತಿದೆ. ಟೀಚರ್ ಬಾಗಿಲಿಗೆ ಬಂದು, ಎಂತ ತೀರ್ಮಾನ ಮಾಡಿದೆ ಎಂದು ಕೇಳಿದ್ದಾರೆ. "ಎರಡು ಪರ್ಸೆಂಟ್ ಟೀಚರ್" ಎಂದು ಬರೆದು ಹೊಡೆದು ಹಾಕಿದೆ. "ಬೇಡ ಟೀಚರ್" ಎಂದು ಬರೆದು ಅದನ್ನೂ ಹೊಡೆದು ಹಾಕಿದೆ. ಕುಮುದಿನಿ ಕುರ್ಚಿಯಿಂದ ಎದ್ದು ನಿಂತಿದ್ದಾಳೆ, ಬಾಯಿ ತೆರೆದಿದ್ದಾಳೆ. ಟೀಚರ್ ಕಾಯುತ್ತಿದ್ದಾರೆ.